ಸಭೆಯವರ ಗಾಡಿಗೆ ಸುಂಕವಿಲ್ಲ

ಒಂದು ನಾಡಿನ ಕಣಿವೆ ದಾರಿಯಲ್ಲಿ ಒಂದು ಸುಂಕದ ಕಟ್ಟೆ ಇತ್ತು. ದಾರಿಯ ದುರಸ್ತಿಗೆಂದು ಅಲ್ಲಿ ಗಾಡಿಗಳಿಂದ ಸುಂಕ ಎತ್ತುತ್ತಿದ್ದರು. ಎಷ್ಟು ಎತ್ತಬೇಕೆಂದು ತೀರ್ಮಾನಿಸುವ ಹಕ್ಕು ಸುಂಕದ ಅಧಿಕಾರಿಯದಲ್ಲ, ಊರೂರಿನ ಜನ ಆರಿಸಿ ಕಳಿಸಿದ ನಾಡಸಭೆಯದು.

ಆ ಸಭೆಗೆ ಈರಭದ್ರಯ್ಯನೇ ಹಿರಿಯ. ಅವನು ಹೊಸದಾಗಿ ಸಭೆಗೆ ಬಂದ ಕಾಲ ಎಷ್ಟು ಚೆನ್ನಾಗಿತ್ತು! ಆಗ ಸಭೆ ಸೇರುತ್ತಿದ್ದದ್ದು ಕಟ್ಟೆಯ ಪಕ್ಕದ ಹೊಂಗೆ ಮರದಡಿ. ಸಭೆಯವರೂ ಸರಕು ಹೇರಿಕೊಂಡು ಬಂದು, ಎಲ್ಲರಂತೆ ಸುಂಕ ಕೊಟ್ಟೇ ಕೂರಬೇಕೆಂಬುದು ಪದ್ಧತಿ. ಗಾಡಿಯವರು ನಡುವೆ ಬಾಯಿ ಹಾಕುತ್ತಿದ್ದರು, ಜಗಳ ಆಡುತ್ತಿದ್ದರು, ಆಮೇಲೆ ಅವರೇ ಮಜ್ಜಿಗೆ ಕೊಡುತ್ತಿದ್ದರು. ಆ ಮಜ್ಜಿಗೆಯ ರುಚಿಯನ್ನು ಈರಭದ್ರಯ್ಯ ಈಗಲೂ ಮರೆತಿರಲಿಲ್ಲ.

ಮುಂದೆ ಹೊಸ ಅಧಿಕಾರಿ ಬಂದ. ಬಲು ನಯದ ಮಾತಿನವನು. "ದೊಡ್ಡವರು ತಾವು. ತಮ್ಮ ಗಾಡಿಗೂ ಸುಂಕವೇ? ಛೆ ಛೆ!" ಎಂದ. ಸಭೆಯವರು ಉಬ್ಬಿಹೋದರು. ಅಂದಿನಿಂದ ಅವರ ಗಾಡಿ ಕಂಡರೆ ಸಾಕು, ದಾರಿಗೆ ಅಡ್ಡ ಹಾಕಿದ ಬಿದಿರಿನ ಗಳ ಮೇಲೇಳುತ್ತಿತ್ತು. ಸಭೆಯೂ ಪೇಟೆಯ ತಣ್ಣನೆಯ ಚಾವಡಿಗೆ ಹೋಯಿತು. ವರ್ಷಕ್ಕೊಮ್ಮೆ ಅಧಿಕಾರಿ ಹೊಸ ದರ ಓದುತ್ತಿದ್ದ. ಇವರು ಕೈ ಎತ್ತಿ ಊಟಕ್ಕೆ ಏಳುತ್ತಿದ್ದರು.

ಒಮ್ಮೆ ಸಭೆಗೆ ಹೊರಟ ಈರಭದ್ರಯ್ಯ ಕಟ್ಟೆಯ ಬಳಿ ಮಡಕೆ ಮಾರುವ ಮುದ್ದಮ್ಮನನ್ನು ಕಂಡ. ಅವಳು ತುಂಬಿದ ಗಾಡಿಯನ್ನು ಊರ ಕಡೆಗೆ ತಿರುಗಿಸುತ್ತಿದ್ದಳು.

"ಯಾಕಮ್ಮ, ಸಂತೆಗೆ ಹೋಗಲ್ವಾ?"

"ದುಡಿದದ್ದೆಲ್ಲ ಇಲ್ಲೇ ಸುರಿದು ಹೋಗ್ಬೇಕು ಯಜಮಾನ್ರೇ. ಇವತ್ತು ಸುಂಕ ಇನ್ನೂ ಏರುತ್ತಂತೆ. ಏರಿದ್ರೆ ಎತ್ತು ಮಾರಿ ಕೂಲಿಗೆ ಹೋಗೋದೇ."

ಈಗ ಎಷ್ಟಿದೆ ಎಂದು ಕೇಳಲು ಅವನಿಗೆ ನಾಚಿಕೆಯಾಯಿತು. ಕೈ ಎತ್ತಿದವನಿಗೇ ದರ ಗೊತ್ತಿರಲಿಲ್ಲ! ಹೊಂಗೆ ಮರದ ಕಡೆ ನೋಡಿದ. ಅದರಡಿ ಯಾರೂ ಇರಲಿಲ್ಲ. ಹಳೆಯ ದಿನಗಳು ನೆನಪಾಗಿ ಅಳುವೇ ಬಂತು.

ಚಾವಡಿಯಲ್ಲಿ ಅಧಿಕಾರಿ ಓದಿ ಮುಗಿಸಿದ. ಕೈಗಳು ಮೇಲೇಳುವಷ್ಟರಲ್ಲಿ ಈರಭದ್ರಯ್ಯ ಎದ್ದು ನಿಂತ. "ಸ್ವಲ್ಪ ತಡೀರಪ್ಪ. ಇವತ್ತು ಕೈ ಎತ್ತೋದು ಬೇಡ. ಮನೆಗೆ ಹೋಗುವಾಗ ಎಲ್ಲರೂ ಸುಂಕ ಕಟ್ಟಿ ಹೋಗೋಣ. ನಾಳೆ ಬಂದು ಮಾತಾಡೋಣ."

"ತಮಗ್ಯಾಕೆ ಆ ತೊಂದರೆ?" ಎಂದ ಅಧಿಕಾರಿ. ಹಿರಿಯನ ಮಾತು ತೆಗೆದುಹಾಕಲಾರದೆ ಉಳಿದವರು ಗೊಣಗುತ್ತಲೇ ಒಪ್ಪಿದರು.

ಸಂಜೆ ಕಟ್ಟೆಯಲ್ಲಿ ಗಲಾಟೆಯೋ ಗಲಾಟೆ. ಸಭೆಯವನೊಬ್ಬ ಚೀಲ ತಡಕುತ್ತ ಕೂಗಾಡಿದ: "ಇಷ್ಟೊಂದಾ? ಹಗಲು ದರೋಡೆ! ಯಾವನಯ್ಯಾ ಈ ದರ ಇಟ್ಟವನು?"

ಕಟ್ಟೆಯ ಕಾವಲುಗಾರ ಕೈ ಮುಗಿದ. "ತಾವೇ, ಬುದ್ಧಿ."

ಸಭೆಯವರು ಒಬ್ಬೊಬ್ಬರಾಗಿ ಚೀಲ ಬಿಚ್ಚಿದರು. ಸುಂಕ ಕೊಟ್ಟು ಮನೆಗೆ ಹೋದರು. ಮರುದಿನ, ಎತ್ತಿದ ಸುಂಕವೆಲ್ಲ ಎಲ್ಲಿಗೆ ಹೋಯಿತೆಂದು ಅಧಿಕಾರಿ ಮೊದಲ ಸಲ ಉತ್ತರ ಹೇಳಬೇಕಾಯಿತು. ದರ ಇಳಿಯಿತು. ಮುದ್ದಮ್ಮ ಎತ್ತು ಮಾರಲಿಲ್ಲ.

ನೀತಿ: ಜನರ ಮೇಲೆ ಹೊರೆ ಹೊರಿಸಲು ಒಪ್ಪಿಗೆ ಕೊಡುವವರು ಆ ಹೊರೆಯನ್ನು ತಾವೂ ಹೊರಬೇಕು. ತಮಗೆ ಮಾತ್ರ ವಿನಾಯಿತಿ ಪಡೆದವರು ಪ್ರಶ್ನೆ ಕೇಳುವುದನ್ನೇ ಮರೆಯುತ್ತಾರೆ.