ಹತ್ತು ವರಹದ ಕುದುರೆ

“ಗುರುಗಳೇ, ಅಪ್ಪ ಬಿಟ್ಟುಹೋದ ಎರಡಂತಸ್ತಿನ ಮನೆಗೆ ಐವತ್ತೇ ವರಹ ಬೆಲೆ ಎಂದು ತೆರಿಗೆಗಾಗಿ ಅರಮನೆಗೆ ಬರೆದುಕೊಟ್ಟೆ. ಅದೂ ಎರಡು ತಿಂಗಳು ತಡವಾಗಿ. ಈಗ ದಂಡ ಕಟ್ಟು ಎನ್ನುತ್ತಾರೆ. ನನ್ನಪ್ಪನ ಮನೆಗೆ ನಾನು ಕಡಿಮೆ ಬೆಲೆ ಹೇಳಿದರೆ ಯಾರಿಗೇನು ನಷ್ಟ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುದುರೆ ವ್ಯಾಪಾರಿ ಇದ್ದ. ಅವನು ಸತ್ತಾಗ ಮಗನಿಗೆ ಬಿಟ್ಟದ್ದು ಒಂದು ಬಿಳಿ ಕುದುರೆ, ಅಷ್ಟೇ. ಆ ಊರಿನಲ್ಲಿ ಒಂದು ಕಟ್ಟಳೆ. ನಲವತ್ತು ದಿನದೊಳಗೆ ಮಗ ಆಸ್ತಿಯ ಬೆಲೆ ಬರೆಸಬೇಕು, ಅದರ ಹತ್ತರಲ್ಲೊಂದು ಪಾಲನ್ನು ಅರಸನಿಗೆ ತೆರಿಗೆಯಾಗಿ ಕೊಡಬೇಕು. ಬರೆಸಿದ ಬೆಲೆಯನ್ನು ಚಾವಡಿಯ ಮುಂದೆ ತಮಟೆ ಬಾರಿಸಿ ಸಾರುತ್ತಿದ್ದರು. ಅಷ್ಟು ಹಣ ಎಣಿಸಿದವನು ಆ ವಸ್ತುವನ್ನು ಒಯ್ಯಬಹುದು. ತಡೆಯಬೇಕೆಂದರೆ ಮಗ ಬೆಲೆ ತಿದ್ದಿಸಿ ದಂಡ ಕಟ್ಟಬೇಕು.

ಕುದುರೆ ಬಡಕಲಾದ ಮೇಲೆ ಬರೆಸೋಣ ಎಂದು ಮಗ ದಿನ ತಳ್ಳಿದ. ಆದರೆ ಅದನ್ನು ಉಪವಾಸ ಕೆಡವಲು ಮನಸ್ಸು ಬರಲಿಲ್ಲ. ಗಡುವು ಮುಗಿದು ತಿಂಗಳಾಯಿತು, ಕುದುರೆ ಇನ್ನಷ್ಟು ಕೊಬ್ಬಿತು. ಕೊನೆಗೆ ಅದರ ಮೈಗೆಲ್ಲ ಬೂದಿ ಬಳಿದ. ಕಾಲಿಗೆ ಚಿಂದಿ ಸುತ್ತಿ, ಕುಂಟುವುದನ್ನೂ ಕಲಿಸಿ, ಚಾವಡಿಗೆ ಹೊಡೆದುಕೊಂಡು ಹೋದ. “ಮುದಿ ಕುದುರೆ, ಹತ್ತು ವರಹ” ಎಂದು ಅವನು ಹೇಳಿದ್ದನ್ನೇ ಶಾನುಭೋಗ ಬರೆದುಕೊಂಡ.

ತಮಟೆಗೆ ಪೆಟ್ಟು ಬಿತ್ತು. ಆ ಕುದುರೆ ಮೆರವಣಿಗೆಯಲ್ಲಿ ಬೆಳೆದದ್ದು. ಕತ್ತು ಎತ್ತಿತು, ಕುಂಟುವುದನ್ನು ಮರೆತು ತಾಳಕ್ಕೆ ಹೆಜ್ಜೆ ಹಾಕಿತು. ಬೂದಿಯೆಲ್ಲ ಹಾರಿ ಶಾನುಭೋಗನ ಮೂಗಿಗೆ ಹೋಯಿತು.

ಗುಂಪಿನಿಂದ ಒಬ್ಬ ಎಣ್ಣೆ ವ್ಯಾಪಾರಿ ಮುಂದೆ ಬಂದು ಹತ್ತು ವರಹ ಎಣಿಸಿದ. “ನನ್ನ ಗಾಣ ಸುತ್ತೋಕೆ ಇಂಥದ್ದೇ ಒಂದು ಮುದಿ ಪ್ರಾಣಿ ಬೇಕಾಗಿತ್ತು. ಹಗ್ಗ ಕೊಡಪ್ಪ.”

ಮಗನ ಮುಖ ಕೆಂಪಾಯಿತು. “ಗಾಣಕ್ಕಾ? ಇದನ್ನಾ? ಏಳೂರು ಸುತ್ತಿ ಬಾ, ಇಂಥ ಕುದುರೆ ಇನ್ನೊಂದಿದ್ದರೆ ನಾನೇ ಬಂದು ನಿನ್ನ ಗಾಣ ಸುತ್ತುತ್ತೇನೆ. ನಮ್ಮಪ್ಪ ಸಾಕಿದ ಕುದುರೆ ಕಣಯ್ಯಾ ಇದು, ಸಾವಿರ ವರಹದ್ದು!”

ಶಾನುಭೋಗ ಸೀನಿ, ಲೆಕ್ಕಣಿಕೆ ಎತ್ತಿದ. “ಸಾವಿರ ಅಂತ ತಿದ್ದಲೇನಪ್ಪ? ಕಡಿಮೆ ಹೇಳಿದ್ದಕ್ಕೆ ಒಂದು ದಂಡ, ತಡ ಮಾಡಿದ್ದಕ್ಕೆ ಇನ್ನೊಂದು.”

“ತಿದ್ದಿ ಸ್ವಾಮಿ. ದಪ್ಪ ಅಕ್ಷರದಲ್ಲಿ ಬರೀರಿ. ಪಕ್ಕದಲ್ಲಿ ಅಪ್ಪನ ಹೆಸರೂ ಹಾಕಿ.”

ಮಗ ತನ್ನ ಸ್ವಂತ ದುಡಿಮೆಯ ಅಂಗಡಿ ಮಾರಿದ, ಕಿವಿಯ ಚಿನ್ನದ ಒಂಟಿಯನ್ನೂ ಬಿಚ್ಚಿಕೊಟ್ಟ. ತೆರಿಗೆಯೂ ಎರಡು ದಂಡವೂ ತೀರಿದವು. ಮತ್ತೆ ತಮಟೆ ಬಾರಿಸಿ ಸಾವಿರ ವರಹ ಎಂದು ಸಾರಿದರು. ಎಣ್ಣೆ ವ್ಯಾಪಾರಿ ತನ್ನ ಹತ್ತು ವರಹವನ್ನು ಎತ್ತಿಕೊಂಡು ಸರಿದು ನಿಂತ, ಸಾವಿರ ಎಣಿಸಲು ಬೇರೆ ಯಾರೂ ಮುಂದೆ ಬರಲಿಲ್ಲ. ಬರಿಗಿವಿಯ ಮಗ ಎದೆಯುಬ್ಬಿಸಿ ಕುದುರೆಯ ಪಕ್ಕದಲ್ಲಿ ನಡೆದ. ಇಬ್ಬರಲ್ಲಿ ಯಾರ ಕತ್ತು ಹೆಚ್ಚು ನೆಟ್ಟಗಿತ್ತೋ ಊರಿನವರಿಗೆ ತಿಳಿಯಲಿಲ್ಲ.

ಶಿಷ್ಯ ನಕ್ಕ. ಗುರುಗಳು ನಗಲಿಲ್ಲ.

“ನಮ್ಮ ಹಸುಗಳಿಗೊಂದು ಕೊಟ್ಟಿಗೆ ಬೇಕಾಗಿತ್ತು, ನೀನು ಬರೆದ ಐವತ್ತು ವರಹಕ್ಕೇ ನಿಮ್ಮಪ್ಪನ ಮನೆ ಕೊಟ್ಟುಬಿಡಪ್ಪ” ಎಂದರು.