ಲೆಕ್ಕದ ಚೆಂಡು

ಗಾಲ್ಫ್ ಆಟದಲ್ಲಿ ಚೆಂಡು ಬಿದ್ದ ಜಾಗದಿಂದಲೇ ಅದನ್ನು ಮತ್ತೆ ಹೊಡೆಯಬೇಕು. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ ಶಿವನಂಜೇಗೌಡರ ಚೆಂಡಿಗೆ ಮಾತ್ರ ಈ ನಿಯಮವಿರಲಿಲ್ಲ. ಅದು ಎಲ್ಲಿ ಬಿದ್ದರೂ ಜೊತೆಯವರು ಬೂಟಿನ ತುದಿಯಿಂದ ಒಳ್ಳೆಯ ಹುಲ್ಲಿಗೆ ತಳ್ಳುತ್ತಿದ್ದರು. ಒಬ್ಬರಿಗೂ ನಾಚಿಕೆಯಿರಲಿಲ್ಲ.

ಗೌಡರ ಹೊಡೆತ ತಿದ್ದಲು ಭೌತಶಾಸ್ತ್ರದ ಮೇಷ್ಟ್ರು ಪುಟ್ಟಮಾದಯ್ಯನವರಿಗೆ ಬುಲಾವ್ ಬಂತು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದೇಶಕ್ಕೆ ಸಹಿ ಹಾಕಬೇಕಾದವರು ಇದೇ ಗೌಡರು.

ಮೇಷ್ಟ್ರು ನೆಲದ ಮೇಲೆ ವೃತ್ತ ಬರೆದರು. "ಭುಜವೇ ಕೇಂದ್ರ ಸಾರ್. ತೋಳು, ಕೋಲು ಎರಡೂ ಸೇರಿ ತ್ರಿಜ್ಯ. ಮೊಣಕೈ ಮಡಿಸಿದರೆ ತ್ರಿಜ್ಯ ಕುಗ್ಗುತ್ತೆ, ಚೆಂಡು ದಾರಿ ತಪ್ಪುತ್ತೆ."

"ನನಗೇ ಪಾಠವೇನ್ರೀ?" ಎಂದು ಗೌಡರು ಮೊಣಕೈ ಮಡಿಸಿಯೇ ಬೀಸಿದರು. ಚೆಂಡು ಲಂಟಾನ ಪೊದೆಗೆ ಹೊಕ್ಕಿತು. ಜೊತೆಗೆ ಆಡಲು ಬಂದಿದ್ದ ಕಾಲೇಜಿನ ಪ್ರಿನ್ಸಿಪಾಲರು ಓಡಿಹೋಗಿ ಒದ್ದು ಹೊರಗೆ ತಂದರು.

ಗೌಡರು ಇತ್ತ ತಿರುಗಿದರು. "ಮೇಷ್ಟ್ರೇ, ನಿಮ್ಮ ಲೆಕ್ಕದಂತೆ ಚೆಂಡು ಗುಳಿಯ ಬಾವುಟದ ಹತ್ತಿರ ಬೀಳಬೇಕಿತ್ತಲ್ಲ? ಅಲ್ಲೇ ಬಿತ್ತು ಅಂತ ಎಲ್ಲರೆದುರು ಹೇಳಿ. ನಾಳೆಯೇ ಸಹಿ ಹಾಕ್ತೀನಿ."

ಪುಟ್ಟಮಾದಯ್ಯನವರಿಗೆ ಮೈಯೆಲ್ಲ ಉರಿಯಿತು. ಆದರೂ ಕೈ ಮುಗಿದರು. "ನಿಜ ಸಾರ್. ಲೆಕ್ಕದ ಚೆಂಡು ಬಾವುಟದ ಹತ್ತಿರವೇ ಇದೆ. ಪೊದೆಗೆ ಬಿದ್ದದ್ದು ತಮ್ಮ ಚೆಂಡು. ಯಾವುದನ್ನು ಆಡ್ತೀರಿ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಕೆಂಪಾಯಿತು.

"ಚೆಂಡು ಇಲ್ಲೇ ಬಿತ್ತು ಸಾರ್, ನಾನೇ ನೋಡಿದೆ!" ಎಂದು ಪ್ರಿನ್ಸಿಪಾಲರು ತಮ್ಮ ಬೂಟಿನ ಬುಡ ತೋರಿಸಿದರು.

"ಕೆಲಸ ಬೇಕೋ ಬೇಡವೋ ಮೇಷ್ಟ್ರೇ?" ಎಂದು ಗೌಡರು ಗುಡುಗಿದರು.

ಪುಟ್ಟಮಾದಯ್ಯನವರು ಬಗ್ಗಿ, ಪ್ರಿನ್ಸಿಪಾಲರ ಬೂಟಿನ ಬುಡದಿಂದ ಚೆಂಡನ್ನೆತ್ತಿಕೊಂಡು, ಮುಳ್ಳು ತರಚಿದರೂ ಪೊದೆಯೊಳಗೆ ಕೈ ಹಾಕಿ, ಅದು ಬಿದ್ದಿದ್ದ ಜಾಗದಲ್ಲೇ ಇಟ್ಟರು.