ಕಾದಿರು ಎಂಬ ಆಜ್ಞೆ

ತುಂಗಭದ್ರೆಯ ದಡದಲ್ಲಿ ಚೆನ್ನಾಜಮ್ಮ ಎಂಬ ಗುರು ಇದ್ದರು.

ಕಂಪ್ಯೂಟರಿಗೆ ಕೆಲಸ ಹೇಳಲು ಒಂದು ಭಾಷೆ ಬೇಕು. ಅಂಥ ಭಾಷೆಗಳನ್ನು ಕಟ್ಟುವ ವಿದ್ಯೆಯನ್ನು ಅವರು ಕಲಿಸುತ್ತಿದ್ದರು. ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ ಹೊಳೆಯ ಪಕ್ಕ ಒಂದು ಹೆಂಚಿನ ಮನೆ ಹಿಡಿದಿದ್ದರು. ನಾಲ್ಕಾರು ಶಿಷ್ಯರು ಅಲ್ಲೇ ಉಳಿದು ಸಂಶೋಧನೆ ಮಾಡುತ್ತಿದ್ದರು. ಎಲ್ಲರಿಗೂ ಅವರು ಅಮ್ಮ.

ಅಮ್ಮ ತಾವೇ ಕಟ್ಟಿದ ಭಾಷೆಯೊಂದಿತ್ತು. ಹೆಸರು ತೊರೆ. ಕನ್ನಡದ ಪದಗಳಲ್ಲೇ ಬರೆಯುವ ಭಾಷೆಯಾದ್ದರಿಂದ ಹಳ್ಳಿಯ ಶಾಲಾ ಮಾಸ್ತರರೂ ಅದನ್ನು ಕಲಿತಿದ್ದರು.

ವಯಸ್ಸಾದಂತೆ ತೊರೆಯನ್ನು ನೋಡಿಕೊಳ್ಳುವ ಹೊಣೆಯನ್ನು ಅವರು ಜಿನದತ್ತನಿಗೆ ಒಪ್ಪಿಸಿದರು. ಶಿಷ್ಯರಲ್ಲಿ ಅವನೇ ಚುರುಕು. ಹಾಗೆಂದು ಅವನಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಅವನು ಓಡುತ್ತ ಬಂದ. ಅಮ್ಮ ಮೆಟ್ಟಿಲ ಮೇಲೆ ಕೂತು ಹೊಳೆ ನೋಡುತ್ತಿದ್ದರು.

“ಅಮ್ಮ, ತೊರೆಯಲ್ಲಿ ಬರೆದ ಯಾವ ಪ್ರೋಗ್ರಾಮೂ ನಡುವೆ ಸಿಕ್ಕಿಕೊಂಡು ನಿಲ್ಲುವುದಿಲ್ಲ, ಮುಗಿದೇ ಮುಗಿಯುತ್ತದೆ ಅಂತ ಸಾಧಿಸಿ ತೋರಿಸಬಲ್ಲೆ.”

“ಒಳ್ಳೇದು.”

“ಒಂದೇ ಒಂದು ಅಡ್ಡಿ. ಕಾದಿರು.”

ಕಾದಿರು ಎಂಬುದು ತೊರೆಯ ಹಳೆಯ ಆಜ್ಞೆ. ಅದು ಬಂದಲ್ಲಿ ಕಂಪ್ಯೂಟರ್ ನಿಲ್ಲುತ್ತದೆ. ಎದುರಿಗಿರುವ ಮನುಷ್ಯ ಉತ್ತರ ಕೊಡುವವರೆಗೆ ಕಾಯುತ್ತದೆ. ಉತ್ತರ ಬಾರದಿದ್ದರೆ ಕಾಯುತ್ತಲೇ ಇರುತ್ತದೆ.

“ಅದನ್ನು ಕಿತ್ತುಹಾಕುವುದಿಲ್ಲ. ಗಡುವು ಇಡುತ್ತೇನೆ ಅಷ್ಟೆ. ಅರ್ಧ ನಿಮಿಷ ಕಾದು ಮುಂದೆ ಹೋಗಲಿ. ಹಳೆಯ ಪ್ರೋಗ್ರಾಮುಗಳು ಒಂದೂ ಕೆಡುವುದಿಲ್ಲ. ಯಾರಿಗೂ ಗೊತ್ತೇ ಆಗುವುದಿಲ್ಲ.”

“ಯಾರು ಯಾರು ಅದನ್ನು ಬಳಸುತ್ತಾರೆ?”

“ಇಂಟರ್‌ನೆಟ್ಟಿನಲ್ಲಿ ಜನ ಹಾಕಿರುವುದನ್ನೆಲ್ಲ ಜಾಲಾಡಿದೆ ಅಮ್ಮ. ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದ್ದು ಒಂದೂ ಸಿಗಲಿಲ್ಲ.”

“ಅಲ್ಲಿ ಹಾಕದೆ ಮನೆಯಲ್ಲೇ ಇಟ್ಟುಕೊಂಡವರು?”

ಜಿನದತ್ತ ನಕ್ಕ. “ಅರ್ಧ ನಿಮಿಷದಲ್ಲಿ ಉತ್ತರ ಕೊಡದವರು ಎದ್ದು ಹೋಗಿರುತ್ತಾರೆ. ಖಾಲಿ ಕುರ್ಚಿಯ ಮುಂದೆ ಯಂತ್ರ ಯಾಕೆ ನಿಂತಿರಬೇಕು?”

ಅಮ್ಮ ಹೊಳೆಯ ಕಡೆ ತಿರುಗಿದರು.

“ಮಾಡಲಾ, ಅಮ್ಮ?”

ಅಮ್ಮ ಮಾತಾಡಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತ. ಬೇಡ ಅನ್ನಲಿಲ್ಲವಲ್ಲ ಎಂದುಕೊಂಡು ಒಳಗೆ ಹೋದ.

ತೊರೆಯ ಹೊಸ ಆವೃತ್ತಿ ಹೊರಬಂತು. ತಾನಾಗಿಯೇ ಎಲ್ಲರ ಕಂಪ್ಯೂಟರಿಗೂ ಇಳಿಯಿತು. ತೊರೆಯ ಪ್ರೋಗ್ರಾಮು ಮುಗಿದೇ ಮುಗಿಯುತ್ತದೆ ಎಂಬ ಪ್ರಮೇಯದ ಮೇಲೆ ಜಿನದತ್ತ ಬರೆದ ಪ್ರಬಂಧ ದೂರದ ದೇಶದ ಸಮ್ಮೇಳನವೊಂದರಲ್ಲಿ ಮೆಚ್ಚುಗೆ ಪಡೆಯಿತು. ಅದರಲ್ಲಿ ಅಮ್ಮನ ಹೆಸರನ್ನೂ ಸೇರಿಸಿದ್ದ.

ಅಮ್ಮ ಇಡೀ ಪ್ರಬಂಧ ಓದಿ, “ಚೆಂದ ಬಂದಿದೆ” ಅಂದರು. ಚೆಂದವಾಗಿಯೇ ಇತ್ತು.

ದೂರು ಒಂದೂ ಬರಲಿಲ್ಲ. ಮಳೆಗಾಲ ಕಳೆದು ಚಳಿ ಶುರುವಾಯಿತು.

ಆಗ ಒಬ್ಬ ಮುದುಕ ಬಂದ. ಬಗಲಲ್ಲಿ ಹಳೆಯ ಲ್ಯಾಪ್‌ಟಾಪ್, ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ.

“ನಾ ಫಕೀರಪ್ಪ ಅಂತ್ರಿ. ಸಾಲಿ ಮಾಸ್ತರ ಇದ್ದೆ. ತೊರೆ ನಿಮ್ಮ ಶಿಬಿರದಾಗ ಕಲ್ತಿದ್ದೆ, ಅಮ್ಮಾರ.”

“ಬನ್ನಿ ಮಾಸ್ತರೇ, ಕೂತುಕೊಳ್ಳಿ.”

“ನನ್ನ ಪ್ರೋಗ್ರಾಮದಾಗ ಏನೋ ತಪ್ಪು ಐತ್ರಿ. ಎಷ್ಟು ಹುಡುಕಿದರೂ ಸಿಗವಲ್ದು. ಮೊದಲ ನಿಂತಿರ್ತಿತ್ತು. ಈಗ ನಿಲ್ಲೂದಿಲ್ಲ, ಮುಂದ ಓಡ್ತೈತಿ.”

ಜಿನದತ್ತ ಹತ್ತಿರ ಬಂದ. “ಯಾವುದಕ್ಕೆ ಬಳಸುತ್ತೀರಿ ಸರ್ ಅದನ್ನು?” ಎಂದು ಕೇಳಿದ.

“ನಮ್ಮ ಮನಿಯಾಕಿ ಕಾಶವ್ವಗ ಲಕ್ವಾ ಹೊಡದು ಮಾತು ಹೋತ್ರಿ. ಡಾಕ್ಟರು ಮತ್ತ ಕಲಸ್ರಿ ಅಂದ್ರು. ಯಂತ್ರ ಒಂದು ಚಿತ್ರ ತೋರಸ್ತೈತಿ. ಕೊಡದ ಚಿತ್ರ ಅನ್ರಿ. ಅಕಿ ‘ಕೊಡ’ ಅಂದ್ರ ಕೇಳಿಸ್ಕೊಂಡು ಮುಂದಿಂದು ತೋರಸ್ತೈತಿ. ಅನ್ನೂತನಕಾ ಸುಮ್ಮ ನಿಂತಿರ್ತೈತಿ.”

“ನೀವೇ ಚಿತ್ರ ತೋರಿಸಬಹುದಿತ್ತಲ್ಲ?”

“ತೋರಿಸಿದ್ನಿ. ನಾವು ಮನುಷ್ಯಾರಲ್ಲೇನ್ರಿ ಸರ? ಅಕಿ ‘ಕೊ’ ಅನ್ನೂದ್ರಾಗ ನನ್ನ ಬಾಯಾಗ ‘ಕೊಡ’ ಬಂದುಬಿಡ್ತಿತ್ತು. ತಡಕೊಳ್ಳಾಕ ಆಗ್ತಿರಲಿಲ್ಲ. ಅಕಿಗೆ ನಾಚಿಕಿ ಆಗ್ತಿತ್ತು. ಅದಕ್ಕ ಯಂತ್ರಕ್ಕ ಒಪ್ಪಿಸಿದ್ನಿ.”

“ಮಾತು ಬಂದಿತ್ತಾ?” ಎಂದರು ಅಮ್ಮ.

ಮಾಸ್ತರನ ಮುಖ ಅರಳಿತು. “ಬರಾಕ್ಹತ್ತಿತ್ರಿ! ಒಂದು ಶಬ್ದಕ್ಕ ಅರ್ಧ ತಾಸು ಹಿಡೀತಿತ್ತು. ಆದ್ರ ತಾನ ಅಂತಿದ್ಲು. ನೀರು ಅಂದ್ಲು. ಬೆಕ್ಕು ಅಂದ್ಲು. ಒಂದಿನ ಮಗಳಿಗೆ ಫೋನಿನ್ಯಾಗ ‘ಬಾ’ ಅಂದ್ಲು.”

“ಈಗ?”

“ಮಳಿಗಾಲದಾಗ ಹಿಂಗಾತು. ಅಕಿ ತುಟಿ ದುಂಡಗ ಮಾಡಿ ‘ಕೊ’ ಅನ್ನೂದ್ರಾಗ ಕೊಡ ಹೋಗಿ ದೀಪ ಬರ್ತಿತ್ತು. ದೀಪ ಅನ್ನಾಕ ಹೋದ್ರ ಅದೂ ಹೋಗ್ತಿತ್ತು. ಭಾಳ ದಿನ ಬೆನ್ನು ಹತ್ತಿದ್ಲು. ಕಡೀಕ ಒಂದಿನ ಸೆರಗು ಮಾರಿ ಮ್ಯಾಲ ಎಳಕೊಂಡು ಗ್ವಾಡಿ ಕಡೆ ಹೊಳ್ಳಿದ್ಲು. ಅವತ್ತಿನಿಂದ ಬಾಯಿ ತಗದಿಲ್ರಿ.”

ಅವನು ಟವೆಲ್ಲು ಬಿಚ್ಚಿ ಲ್ಯಾಪ್‌ಟಾಪನ್ನು ಜಿನದತ್ತನ ಮುಂದಿಟ್ಟ.

“ನಾ ಎಲ್ಲಿ ತಪ್ಪೀನಿ ಅಂತ ಅಷ್ಟು ನೋಡಿ ಹೇಳ್ರಿ ಸರ.”

ಜಿನದತ್ತ ಅದನ್ನು ತೆರೆಯಲಿಲ್ಲ.

“ತಪ್ಪು ನಿಮ್ಮದಲ್ಲ ಮಾಸ್ತರೇ,” ಅಂದ. “ನನ್ನದು.”

ಅಂದೇ ಅವನು ಗಡುವನ್ನು ತೆಗೆದುಹಾಕಿದ. ಎರಡು ಸಾಲಿನ ಕೆಲಸ. ಅದರೊಂದಿಗೆ ಪ್ರಮೇಯವೂ ಬಿತ್ತು. ಸಮ್ಮೇಳನದವರಿಗೆ ತೊರೆಯ ಬಗ್ಗೆ ತಾನು ಹೇಳಿದ್ದು ಇನ್ನು ಮುಂದೆ ನಿಲ್ಲುವುದಿಲ್ಲ ಎಂದು ತಿಳಿಸಿದ.

ಮಾಸ್ತರ ಕೈಮುಗಿದು ಊರಿಗೆ ಹೊರಟ. ನಾಳೆ ನಾವೂ ಬರುತ್ತೇವೆ ಎಂದು ಅಮ್ಮ ಅವನಿಗೆ ಹೇಳಿ ಕಳಿಸಿದರು.

ಅವನು ಮರೆಯಾಗುವವರೆಗೆ ನೋಡುತ್ತಿದ್ದು ಜಿನದತ್ತ ಕೇಳಿದ.

“ಅಮ್ಮ, ಅವತ್ತು ನನ್ನನ್ನು ಯಾಕೆ ತಡೆಯಲಿಲ್ಲ?”

“ನೀನು ಕೇಳಿದ್ದಕ್ಕೆ ಉತ್ತರ ಯೋಚಿಸುತ್ತಿದ್ದೆ. ತಿರುಗಿ ನೋಡಿದರೆ ನೀನು ಇರಲಿಲ್ಲ.”

ಜಿನದತ್ತ ತಲೆ ತಗ್ಗಿಸಿದ.

“ಕೂಗಿ ಕರೆಯಬಹುದಿತ್ತು,” ಅಂದರು ಅಮ್ಮ. “ಕರೆಯಲಿಲ್ಲ. ನಿನ್ನ ಪ್ರಮೇಯ ನನಗೂ ಹಿಡಿಸಿತ್ತು.”

ಮರುದಿನ ಇಬ್ಬರೂ ಬಸ್ಸು ಹತ್ತಿ ಮಾಸ್ತರನ ಊರಿಗೆ ಹೋದರು.

ಕಾಶವ್ವ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾಸ್ತರ ಹೆಂಡತಿಯ ಹೆಗಲು ಹಿಡಿದು ಮೆಲ್ಲಗೆ ಎಬ್ಬಿಸಿ ಕೂರಿಸಿದ. “ನೋಡು, ಯಂತ್ರ ಸರಿ ಆಗೇತಿ,” ಅಂದ.

ಪರದೆಯ ಮೇಲೆ ಕೊಡದ ಚಿತ್ರ ಮೂಡಿತು.

ಕಾಶವ್ವ ಅದನ್ನು ನೋಡಿದಳು.

ಅರ್ಧ ನಿಮಿಷ ಕಳೆಯಿತು. ಚಿತ್ರ ಅಲ್ಲೇ ಇತ್ತು. ಇನ್ನೊಂದಷ್ಟು ಹೊತ್ತು ಹೋಯಿತು. ಒಲೆಯ ಮೇಲೆ ಚಹಾ ಕುದಿದು ಉಕ್ಕಿತು, ಯಾರೂ ಏಳಲಿಲ್ಲ.

ಜಿನದತ್ತನ ಕಣ್ಣು ಆಕೆಯ ತುಟಿಯ ಮೇಲೇ ಇತ್ತು. ಕೆಳತುಟಿ ಒಮ್ಮೆ ಅಲುಗಿದಂತಾಯಿತು. ಹೇಳಿಕೊಡಬೇಕೆಂದು ಅವನ ಬಾಯಿ ತಾನಾಗಿ ತೆರೆಯಿತು.

ಅಮ್ಮ ಅವನ ಮುಂಗೈ ಹಿಡಿದರು.

ಕಾಶವ್ವ ಚಿತ್ರದಿಂದ ಕಣ್ಣು ತೆಗೆದು ಜಿನದತ್ತನನ್ನು ನೋಡಿದಳು. ಸಿಟ್ಟಿನ ನೋಟವಲ್ಲ ಅದು. ಬಸ್ಸು ತಪ್ಪಿಸಿಕೊಂಡವರು ಖಾಲಿ ರಸ್ತೆ ನೋಡುವ ಹಾಗೆ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಮಾಸ್ತರ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ.

“ಇರಲಿ ಬಿಡಿ,” ಅಂದರು ಅಮ್ಮ.

ಹೊತ್ತು ಇಳಿಯುವವರೆಗೂ ಅವರು ಅಲ್ಲೇ ಕೂತಿದ್ದರು. ಕೊಡದ ಚಿತ್ರ ಹಾಗೇ ಇತ್ತು.

ಹೊರಡುವಾಗ ಜಿನದತ್ತ ಆಕೆಯ ಬಳಿ ಬಗ್ಗಿದ. “ತಪ್ಪಾಯಿತು ಅಜ್ಜಿ,” ಅಂದ. ಬೆನ್ನು ಅಲುಗಲಿಲ್ಲ.

ಮಾಸ್ತರ ಬಾಗಿಲವರೆಗೆ ಬಂದ. “ಮನಸಿಗೆ ಹಚ್ಕೋಬ್ಯಾಡ್ರಿ ಸರ. ನೀವೇನು ಬೇಕಂತ ಮಾಡೀರೇನು?”

ಆ ಮಾತನ್ನು ಕೇಳಿ ಜಿನದತ್ತನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೀದಿಗೆ ಇಳಿದುಬಿಟ್ಟ.

ಬಸ್ಸು ಇಳಿದು ಹೊಳೆಯ ಪಕ್ಕದ ದಾರಿ ಹಿಡಿದ ಮೇಲೆ ಜಿನದತ್ತ ಅಂದ.

“ಯಂತ್ರ ಮೊದಲಿನ ಹಾಗೇ ಆಗಿದೆ ಅಮ್ಮ. ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ.”

“ಹೌದು.”

“ಮತ್ತೆ ಆಕೆ ಯಾಕೆ...”

“ಅದು ಮೊದಲಿನ ಹಾಗೇ ಆಗಿದೆ ಅಂತ ನಿನಗೆ ಗೊತ್ತು. ಆಕೆಗೆ ಹೇಗೆ ಗೊತ್ತಾಗಬೇಕು?”

“ನಾಳೆ ಮತ್ತೆ ಹೋಗುತ್ತೇನೆ,” ಅಂದ. “ಮಾಸ್ತರರ ಪಕ್ಕ ಕೂತಿರುತ್ತೇನೆ. ಏನೂ ಕೇಳುವುದಿಲ್ಲ. ಏನೂ ಹೇಳಿಕೊಡುವುದಿಲ್ಲ.”

“ಹೋಗು.”

“ನಾಡಿದ್ದೂ ಹೋಗುತ್ತೇನೆ.”

“ಹೂಂ.”

ಮನೆ ಬಂತು. ಅಮ್ಮ ಅಗುಳಿ ತೆಗೆದು ಒಳಗೆ ಕಾಲಿಡುತ್ತಿದ್ದರು. ಜಿನದತ್ತ ಅಂಗಳದಲ್ಲೇ ನಿಂತುಬಿಟ್ಟ.

“ಎಷ್ಟು ದಿನ ಹೋಗಬೇಕಾಗುತ್ತದೆ, ಅಮ್ಮ?”

ಅಮ್ಮ ಹೊಸ್ತಿಲ ಮೇಲೆ ತಿರುಗಿ ಅವನನ್ನು ನೋಡಿದರು.

“ಅದನ್ನು ಆಕೆಯೇ ಹೇಳಬೇಕು.”